ಅಟ್ಟದ ಮೇಲಿನ ಡಾರ್ಕ್ ರೂಮ್ ಪೆಟ್ಟಿಗೆ: ಬಚ್ಚಲುಮನೆಯಲ್ಲೇ ರೋಲು ತೊಳೆಯುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ದೊಡ್ಡಪ್ಪನ ಹಳೇ ಮನೆಯ ಅಟ್ಟ ಗುಡಿಸುವಾಗ ಫೋಟೊ ರೋಲನ್ನು ಮನೆಯಲ್ಲೇ ತೊಳೆದು, ಅಂದರೆ ಡೆವಲಪ್ ಮಾಡಿ, ಪ್ರಿಂಟ್ ಹಾಕುವ ಸಾಮಾನಿನ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೂರು ಎನಾಮಲ್ ಟ್ರೇ, ಮುಚ್ಚಳವಿರುವ ಕಪ್ಪು ಬೇಕಲೈಟ್ ಡಬ್ಬಿ, ಗಾಜಿನ ಅಳತೆ ಲೋಟ, ಉದ್ದನೆಯ ಥರ್ಮಾಮೀಟರ್, ಮರದ ಪ್ರಿಂಟಿಂಗ್ ಫ್ರೇಮು, ಕೆಂಪು ಗಾಜಿನ ಪುಟ್ಟ ದೀಪ, ನಾಲ್ಕಾರು ಪೊಟ್ಟಣ. ತಳದಲ್ಲಿ ಒಂದು ತೆಳ್ಳನೆಯ ಇಂಗ್ಲಿಷ್ ಕೈಪಿಡಿ. ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ದೊಡ್ಡಪ್ಪ ಬರೆದಿದ್ದರು: "68 = ಮಡಕೆ ನೀರು, ಬೆಳಗ್ಗೆ 5ಕ್ಕೆ." ಇನ್ನೊಂದು ಪುಟದಲ್ಲಿ ಎರಡು ಗೆರೆ ಎಳೆದು: "ಏಪ್ರಿಲ್ ಬೇಡ."

ನಾನು ಮಾಡಿದ ತಪ್ಪು ಇಷ್ಟೇ. ಅಚ್ಚಾದದ್ದನ್ನು ಅಕ್ಷರ ಬಿಡದೆ ಪಾಲಿಸಿದೆ, ಪೆನ್ಸಿಲ್ ಅಕ್ಷರವನ್ನು ಸುಮ್ನೆ ನೋಡಿ ನಕ್ಕೆ. ಎರಡು ರೋಲು ಹಾಳಾದವು. ಹಳೇ ಕೈಪಿಡಿಗಳು ಕೆಲಸದ ಕ್ರಮ ಹೇಳುವುದರಲ್ಲಿ ಬಹಳ ಗಟ್ಟಿ. ಆದರೆ ಅವನ್ನು ಬರೆದವರ ನಲ್ಲಿಯಲ್ಲಿ ತಣ್ಣೀರು ಬರುತ್ತಿತ್ತು, ಅವರ ಕೈಲಿದ್ದ ಫಿಲ್ಮೇ ಬೇರೆ, ಪೇಪರೇ ಬೇರೆ. ಬೆಳಕು, ಬಿಸಿ, ಪೇಪರ್ ಈ ಮೂರರಲ್ಲಿ ಅವರ ಮಾತು ನಮಗೆ ಹೊಂದುವುದಿಲ್ಲ. ಉಳಿದದ್ದೆಲ್ಲ ಇವತ್ತಿಗೂ ನಡೆಯುತ್ತದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಪೆಟ್ಟಿಗೆ ಇದ್ದರೆ ಅಥವಾ ಹಳೇ ಸಾಮಾನಿನವರ ಹತ್ತಿರ ಕೊಂಡಿದ್ದರೆ, ಮೊದಲಿಂದ ಕೊನೆವರೆಗೆ ಹೇಗೆ ಮಾಡಬೇಕು ಅಂತ ಬರೆಯುತ್ತೇನೆ.

ಮೊದಲು ಪೆಟ್ಟಿಗೆ ಜಾಲಾಡಿ

1950-60ರ ದಶಕದಲ್ಲಿ ಹವ್ಯಾಸಿಗಳಿಗೆಂದೇ ಇಂಥ ಕಿಟ್ ಬರುತ್ತಿದ್ದವು. ಕೊಡಾಕ್‌ನವರದ್ದು, ಇಂಗ್ಲೆಂಡಿನ ಜಾನ್ಸನ್ಸ್ ಆಫ್ ಹೆಂಡನ್‌ನವರದ್ದು ಹೆಸರುವಾಸಿ. ಆಮೇಲೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ 'ಇಂದು' ಫಿಲ್ಮು, ಪೇಪರ್ ಬಂದವು. ಯಾರದ್ದೇ ಆಗಿರಲಿ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ.

ಟ್ಯಾಂಕ್, ಅಂದರೆ ಆ ಕಪ್ಪು ಡಬ್ಬಿ, ಎಲ್ಲಕ್ಕಿಂತ ಮುಖ್ಯ. ನೀರು ತುಂಬಿಸಿ, ಮುಚ್ಚಳ ಹಾಕಿ, ಹತ್ತು ನಿಮಿಷ ಹಳೇ ಪೇಪರ್ ಮೇಲೆ ಇಡಿ. ಬಿರುಕಿದ್ದರೆ ಪೇಪರ್ ಒದ್ದೆಯಾಗುತ್ತದೆ. ಬಿರುಕು ಬಿಟ್ಟ ಟ್ಯಾಂಕಿನೊಳಗೆ ಬೆಳಕೂ ನುಗ್ಗುತ್ತದೆ, ಹಾಗಾಗಿ ಅಂಟು ಹಚ್ಚಿ ನೋಡೋಣ ಅನ್ನಬೇಡಿ. ಶೋಕೇಸಿಗೆ ಹಾಕಿ, ಹೊಸ ಪ್ಲಾಸ್ಟಿಕ್ ಟ್ಯಾಂಕ್ ತರಿಸಿ. ಹಳೇ ಬೇಕಲೈಟ್ ಟ್ಯಾಂಕ್‌ಗಳಲ್ಲಿ ಸುಮಾರು ತಲೆಕೆಳಗು ಮಾಡುವಂಥವಲ್ಲ, ಮಾಡಿದರೆ ಮುಚ್ಚಳದಿಂದ ಸುರಿಯುತ್ತದೆ. ಮೇಲಿನ ತೂತಿನಲ್ಲಿ ಕಡ್ಡಿ ಇಟ್ಟು ರೀಲನ್ನು, ಅಂದರೆ ಫಿಲ್ಮು ಸುತ್ತಿಟ್ಟ ಒಳಗಿನ ಚಕ್ರವನ್ನು, ತಿರುಗಿಸಬೇಕು. ಆ ಕಡ್ಡಿ ಕಳೆದಿರುವುದೇ ಜಾಸ್ತಿ, ಪೊಟ್ಟಣಗಳ ಮಧ್ಯೆ ಹುಡುಕಿ.

ಥರ್ಮಾಮೀಟರನ್ನು ನಂಬುವ ಮುಂಚೆ ಪರೀಕ್ಷಿಸಿ. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಇಡಿ. ಎರಡು ಡಿಗ್ರಿ ವ್ಯತ್ಯಾಸ ಬಂದರೆ ಅದನ್ನು ಬರೆದಿಟ್ಟುಕೊಂಡು ಕಳೆದು-ಕೂಡಿಸಿದರೆ ಸಾಕು. ಒಳಗಿನ ಗೆರೆ ತುಂಡಾಗಿದ್ದರೆ ಬೇಡ.

ಕೆಂಪು ದೀಪದ ವೈರು ಇಷ್ಟು ಹೊತ್ತಿಗೆ ಒಣಗಿ ಪುಡಿಯಾಗುವಂತಿರುತ್ತದೆ. ಪ್ಲಗ್‌ಗೆ ಹಾಕಲೇಬೇಡಿ. ಬಚ್ಚಲು ಮೊದಲೇ ಒದ್ದೆ ಜಾಗ.

ಇನ್ನು ಪೊಟ್ಟಣಗಳು. ಮೂಡಿದ ಚಿತ್ರವನ್ನು ಕಾಯಂ ನಿಲ್ಲಿಸುವ, ಕಲ್ಲುಸಕ್ಕರೆಯಂಥ ಹೈಪೋ ಹರಳು ಒಣಗಿದ್ದರೆ ಇವತ್ತಿಗೂ ನಡೆಯುತ್ತದೆ. ಪೊಟ್ಯಾಸಿಯಂ ಬ್ರೋಮೈಡ್ ಕೂಡ ಕೆಡುವುದಿಲ್ಲ. ಡೆವಲಪರ್‌ಗೆ, ಅಂದರೆ ಚಿತ್ರ ಮೂಡಿಸುವ ದ್ರಾವಣಕ್ಕೆ, ಹಾಕುವ ಮೆಟಾಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಕಬೇಕು. ಮೋಸ ಮಾಡುವುದು ಸೋಡಿಯಂ ಸಲ್ಫೈಟ್. ನೋಡಲು ಬೆಳ್ಳಗೆ ಚೆನ್ನಾಗೇ ಇರುತ್ತದೆ, ಆದರೆ ಗಾಳಿ ತಾಗಿ ತಾಗಿ ಸಲ್ಫೇಟ್ ಆಗಿ ಕೂತಿರುತ್ತದೆ. ಹಾಗಾಗಿ ಹಳೇ ಡೆವಲಪರ್ ಪೊಟ್ಟಣ ಯಾವುದನ್ನೂ ಫಿಲ್ಮಿಗೆ ಬಳಸಬೇಡಿ. ಕಿತ್ತಳೆ ಬಣ್ಣದ ಹರಳು ಕಂಡರೆ ಅದು ಡೈಕ್ರೋಮೇಟ್ ಇರಬಹುದು. ಮಸುಕಾದ ನೆಗೆಟಿವ್ ಗಾಢ ಮಾಡಲು ಕೊಡುತ್ತಿದ್ದ ಕೆಲವು ಬಾಟಲಿಗಳಲ್ಲಿ ಪಾದರಸದ ಉಪ್ಪು ಇರುತ್ತಿತ್ತು. ಎರಡೂ ವಿಷ. ಲೇಬಲ್ ಹೋದ ಬಾಟಲಿಯನ್ನು ಮೂಸಿ ನೋಡುವ ಅಭ್ಯಾಸವೇ ಬೇಡ. ಮುಚ್ಚಳ ತೆಗೆಯದೆ, ಮಕ್ಕಳ ಕೈಗೆ ಸಿಗದಂತೆ ಕಟ್ಟಿಟ್ಟು, ಕೆಮಿಸ್ಟ್ರಿ ಲ್ಯಾಬ್‌ನವರನ್ನು ಕೇಳಿ.

ಹಳೇ ಪೇಪರ್ ಪ್ಯಾಕೆಟ್ ಸಿಕ್ಕರೆ? ಮಾಮೂಲಿ ಪ್ರಿಂಟಿಗೆ ಅದು ಬಹುಶಃ ಬರುವುದಿಲ್ಲ, ಮಂಜು ಕವಿದಂತೆ ಬೂದಿ ಬಣ್ಣವಾಗುತ್ತದೆ. ಆದರೆ ಎಸೆಯಬೇಡಿ. ಹಾಳೆಯ ಮೇಲೆ ಹೊಂಗೆ ಎಲೆ ಇಟ್ಟು, ಗಾಜು ಮುಚ್ಚಿ, ನಮ್ಮೂರ ಬಿಸಿಲಿಗೆ ಎರಡು ಗಂಟೆ ಇಡಿ. ಡೆವಲಪರ್ ಇಲ್ಲದೇ ನಸುಗೆಂಪು, ಕಂದು ಬಣ್ಣದಲ್ಲಿ ಎಲೆಯ ಚಿತ್ರ ಮೂಡುತ್ತದೆ. ಆಮೇಲೆ ಹೈಪೋದಲ್ಲಿ ಅದ್ದಿ ತೊಳೆದರೆ ಸ್ವಲ್ಪ ಮಸುಕಾದರೂ ನಿಲ್ಲುತ್ತದೆ. ಮಕ್ಕಳಿಗೆ ಇದು ಫೋಟೊಗಿಂತ ಜಾಸ್ತಿ ಖುಷಿ.

ಕೈಪಿಡಿಯಲ್ಲಿ ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಹಳೇ ಕೈಪಿಡಿಗಳಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಒಬ್ಬರು ಫಿಲ್ಮಿನ ಎರಡೂ ತುದಿ ಹಿಡಿದು, ಜೋಕಾಲಿಯ ಹಾಗೆ ಟ್ರೇಯೊಳಗೆ ಮೇಲೆ ಕೆಳಗೆ ಆಡಿಸುತ್ತಿರುತ್ತಾರೆ. ಪಕ್ಕದಲ್ಲಿ ಕೆಂಪು ದೀಪ. ನೋಡಲು ಎಷ್ಟು ಸುಲಭ, ಅಲ್ವಾ? ಅದು ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನ ಕಾಲದ ಮಾತು. ಆ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಕಪ್ಪು-ಬಿಳುಪು ಫಿಲ್ಮು ಹೆಚ್ಚುಕಮ್ಮಿ ಎಲ್ಲ ಪ್ಯಾನ್‌ಕ್ರೊಮ್ಯಾಟಿಕ್. ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ. ನನ್ನ ಮೊದಲ ರೋಲು ಹೋದದ್ದು ಹೀಗೆ. ಚಿತ್ರದಲ್ಲಿದ್ದಂತೆ ಕೆಂಪು ಬಲ್ಬ್ ಹಾಕಿ ಆಡಿಸಿದೆ. ಐದೇ ನಿಮಿಷಕ್ಕೆ ರೋಲು ಪೂರ್ತಿ ಇದ್ದಿಲ ಕಪ್ಪು. ಫಿಲ್ಮಿಗೆ ಯಾವ ದೀಪವೂ ಇಲ್ಲ. ಕೆಂಪು ದೀಪ ಪೇಪರಿಗೆ ಮಾತ್ರ.

ಎರಡನೆಯದು ಬಿಸಿ. ಕೈಪಿಡಿಯ 68 ಡಿಗ್ರಿ ಫ್ಯಾರನ್‌ಹೀಟ್ ಅಂದರೆ 20 ಡಿಗ್ರಿ ಸೆಲ್ಸಿಯಸ್. ಫಿಲ್ಮಿನ ಮೇಲಿನ ಪದರ ಜಿಲಾಟಿನ್. ಬಿಸಿ ನೀರಿಗೆ ಉಬ್ಬಿ ಮೆತ್ತಗಾಗುತ್ತದೆ. ನನ್ನ ಎರಡನೇ ರೋಲು ಚಿತ್ರದುರ್ಗದ ಕೋಟೆಯದ್ದು. ಏಪ್ರಿಲ್ ತಿಂಗಳು. ಡೆವಲಪರ್‌ಗೆ ಐಸ್ ಇಟ್ಟು ಸರಿಯಾಗಿ 20ಕ್ಕೆ ತಂದೆ, ಬಹಳ ಜಾಣ ಅಂದುಕೊಂಡೆ. ಕೊನೆಗೆ ತೊಳೆಯುವಾಗ ನಲ್ಲಿ ತಿರುಗಿಸಿದೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು, 36 ಡಿಗ್ರಿ. ಒಣಗಿದ ಮೇಲೆ ನೋಡಿದರೆ ನೆಗೆಟಿವ್ ತುಂಬ ಬತ್ತಿದ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಏಳು ಸುತ್ತಿನ ಕೋಟೆಗೆ ಪಾಳೇಗಾರರ ಕಾಲದಲ್ಲೂ ಬೀಳದ ಬಿರುಕು ನನ್ನ ಬಚ್ಚಲಲ್ಲಿ ಬಿತ್ತು. ಕೈಪಿಡಿಯ ಆ ಪುಟದಲ್ಲಿ ದೊಡ್ಡಪ್ಪನ ಅಕ್ಷರದ ಕೆಳಗೆ ನಾನೂ ಬರೆದಿದ್ದೇನೆ: "ನಲ್ಲಿ ಮುಟ್ಟಬೇಡ."

ಮೂರನೆಯದು ಪೇಪರ್. "ಫ್ರೇಮನ್ನು ಬಲ್ಬಿನಿಂದ ಒಂದಡಿ ದೂರದಲ್ಲಿ ಹತ್ತು ಸೆಕೆಂಡ್ ಹಿಡಿಯಿರಿ" ಎಂಬ ಥರದ ಮಾತು ಕೈಪಿಡಿಯಲ್ಲಿರುತ್ತದೆ. ಅದು ವೆಲಾಕ್ಸ್‌ನಂಥ ಮಂದ ಕಾಂಟ್ಯಾಕ್ಟ್ ಪೇಪರಿಗೆ, ಅಂದರೆ ನೆಗೆಟಿವ್ ತಾಗಿಸಿಟ್ಟು ಪ್ರಿಂಟ್ ಹಾಕುವ ಪೇಪರಿಗೆ, ಹೇಳಿದ್ದು. ವೆಲಾಕ್ಸ್ ಮಾಡಿದ್ದು ಲಿಯೋ ಬೇಕ್‌ಲ್ಯಾಂಡ್. 1899ರಲ್ಲಿ ಅದನ್ನು ಕೊಡಾಕ್ ಕಂಪನಿಯ ಈಸ್ಟ್‌ಮನ್‌ಗೆ ಮಾರಿ, ಆ ದುಡ್ಡಿನ ಬಲದಲ್ಲೇ ಮುಂದೆ ಬೇಕಲೈಟ್ ಕಂಡುಹಿಡಿದ. ಅಂದರೆ ಪೆಟ್ಟಿಗೆಯ ಕಪ್ಪು ಡಬ್ಬಿ, ಪೇಪರ್ ಎರಡಕ್ಕೂ ಮೂಲಪುರುಷ ಅವನೇ! ಇವತ್ತು ನಮಗೆ ಸಿಗುವುದು ಎನ್‌ಲಾರ್ಜಿಂಗ್ ಪೇಪರ್. ಅದು ವೆಲಾಕ್ಸ್‌ಗಿಂತ ಬಹಳ ಚುರುಕು. ಒಂದಡಿಯಲ್ಲಿ ಹತ್ತು ಸೆಕೆಂಡ್ ಹಿಡಿದರೆ ಕಪ್ಪು ಹಾಳೆ ಕೈಗೆ ಬರುತ್ತದೆ, ಅಷ್ಟೇ.

ಅಳತೆಯ ಬಗ್ಗೆ ಒಂದು ಮಾತು. ಕೈಪಿಡಿ ಇಂಗ್ಲೆಂಡಿನದ್ದೋ ಅಮೆರಿಕದ್ದೋ ನೋಡಿಕೊಳ್ಳಿ. ಇಂಗ್ಲೆಂಡಿನ ಪಿಂಟ್ 568 ಮಿಲಿ, ಅಮೆರಿಕದ್ದು 473 ಮಿಲಿ. ತೂಕದ ಔನ್ಸ್ 28.35 ಗ್ರಾಂ. ಒಂದು ಗ್ರೇನ್ ಅಂದರೆ 0.065 ಗ್ರಾಂ.

ಬಚ್ಚಲನ್ನು ಕತ್ತಲು ಮಾಡುವುದು

ಹಳೇ ಮನೆಯ ಬಚ್ಚಲಾದರೆ ಪುಣ್ಯ. ಕಿಟಕಿ ಚಿಕ್ಕದು, ಗೋಡೆ ದಪ್ಪ. ಕಿಟಕಿಗೆ ರಟ್ಟು ಕತ್ತರಿಸಿ ಬಡಿಯಿರಿ, ಅಂಚಿಗೆ ಕಪ್ಪು ಟೇಪ್ ಹಚ್ಚಿ. ಬಾಗಿಲಿಗೆ ಚಳ್ಳಕೆರೆ ಕಡೆಯ ಕರಿ ಕಂಬಳಿಯಷ್ಟು ಒಳ್ಳೆಯ ಪರದೆ ಇನ್ನೊಂದಿಲ್ಲ. ಆದರೆ ಅದನ್ನು ಬಾಗಿಲ ಹೊರಗಡೆ ಇಳಿಬಿಡಿ. ಒಳಗೆ ಹಾಕಿದರೆ ಉಣ್ಣೆಯ ಜುಂಗು ಉದುರಿ ಫಿಲ್ಮಿಗೆ ಅಂಟುತ್ತದೆ, ಪ್ರಿಂಟಿನಲ್ಲಿ ಬಿಳಿ ಹುಳುಗಳಂತೆ ಕಾಣುತ್ತದೆ. ಒಳಗಡೆಗೆ ಒತ್ತಾದ ಕಪ್ಪು ಹತ್ತಿ ಬಟ್ಟೆ ಸಾಕು.

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರಿ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಐದನೇ ನಿಮಿಷಕ್ಕೆ ಕಳ್ಳ ಬೆಳಕು ಒಂದೊಂದಾಗಿ ಹೊರಗೆ ಬರುತ್ತದೆ. ಬಾಗಿಲ ಕೆಳಗಿನ ಸಂದು, ಚಿಲಕದ ತೂತು, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ. ನಾನು ಎಲ್ಲ ಮುಚ್ಚಿದ ಮೇಲೂ ಒಂದು ಕೆಂಪು ಚುಕ್ಕಿ ಉಳಿದಿತ್ತು. ಗೀಸರಿನ ದೀಪ! ಸ್ವಿಚ್ ಆರಿಸಿ. ಮೊಬೈಲ್ ಹೊರಗಿಡಿ, ಮುಳ್ಳು ಹೊಳೆಯುವ ಗಡಿಯಾರ ಕಟ್ಟಿದ್ದರೆ ಬಿಚ್ಚಿ.

ಫಿಲ್ಮು ತುಂಬುವ ಕೆಲಸ ರಾತ್ರಿ ಇಟ್ಟುಕೊಂಡರೆ ಅರ್ಧ ತಲೆನೋವು ಕಮ್ಮಿ. ಕರೆಂಟ್ ಹೋದರಂತೂ ಊರೇ ಡಾರ್ಕ್ ರೂಮ್.

ಕೆಲಸಕ್ಕೆ ಒಂದು ಗಂಟೆ ಮೊದಲು ನೆಲ, ಗೋಡೆ ತೊಳೆಯಿರಿ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸುವ ಬಡಾವಣೆಗಳಲ್ಲಿ ಮನೆಯೊಳಗೆ ಮಸಿ ಬಂದು ಕೂರುತ್ತದೆ. ನೀರು ಹೊಡೆದರೆ ದೂಳೂ ಮಸಿಯೂ ಒಟ್ಟಿಗೆ ಹೋಗುತ್ತವೆ.

ಕೆಮಿಕಲ್ ಕಲಸುವುದು

ದಾವಣಗೆರೆಯಲ್ಲಿ ಕಾಲೇಜುಗಳಿಗೆ ಬರವಿಲ್ಲ, ಹಾಗಾಗಿ ಲ್ಯಾಬ್ ಸಾಮಾನು ಒದಗಿಸುವವರೂ ಇದ್ದಾರೆ. ಹೈಪೋ ಅಂದರೆ ಅವರಿಗೆ ಸೋಡಿಯಂ ಥಯೋಸಲ್ಫೇಟ್, ಕೆಮಿಸ್ಟ್ರಿ ಲ್ಯಾಬಿನ ಟೈಟ್ರೇಶನ್‌ಗೆ ಬೇಕಾಗುವ ವಸ್ತು. ಮೆಟಾಲ್ ಸಿಗದಿದ್ದರೆ ರೆಡಿಮೇಡ್ ಡಿ-76 ಡೆವಲಪರ್ ಪುಡಿ ಆನ್‌ಲೈನ್‌ನಲ್ಲಿ ತರಿಸಿ. ಸ್ವಂತವಾಗಿ ಕಲಸಲು ನೂರನೇ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು.

ಫಿಲ್ಮಿಗೆ ಡಿ-76. ಕೊಡಾಕ್‌ನವರು 1927ರಲ್ಲಿ ತಂದ ಈ ಸೂತ್ರ ಇನ್ನೂ ನಡೆಯುತ್ತಿದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಅನ್‌ಹೈಡ್ರಸ್ (ನೀರಿನಂಶ ಇಲ್ಲದ) ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಅಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಕೇರಂ ಬೋರ್ಡಿನ ಪೌಡರ್ ಬೇರೆ, ಅದನ್ನು ಹಾಕಬೇಡಿ.

ಪೇಪರಿಗೆ ಡಿ-72. ಲೀಟರಿಗೆ ಮೆಟಾಲ್ 3 ಗ್ರಾಂ, ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಅನ್‌ಹೈಡ್ರಸ್ ಸೋಡಿಯಂ ಕಾರ್ಬೊನೇಟ್ 67.5, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು ಸೇರಿಸಬೇಕು. ಹಳೇ ಕೈಪಿಡಿಯಲ್ಲಿ ಹರಳು ಸೋಡಾದ ಲೆಕ್ಕ ಕೊಟ್ಟಿದ್ದರೆ ಅದನ್ನು 2.7ರಿಂದ ಭಾಗಿಸಿ, ಯಾಕೆಂದರೆ ಹರಳಿನ ತೂಕದಲ್ಲಿ ನೀರೇ ಜಾಸ್ತಿ. ಸಲ್ಫೈಟ್ ಹರಳಾದರೆ ಅರ್ಧ ಮಾಡಿಕೊಳ್ಳಿ.

ಕಲಸುವ ಕ್ರಮ ತಪ್ಪಬಾರದು. 750 ಮಿಲಿ ನೀರನ್ನು 50 ಡಿಗ್ರಿಗೆ ಕಾಯಿಸಿ. ಮೊದಲು ಒಂದೇ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಮೆಟಾಲ್ ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ನಂತರ ಮಿಕ್ಕದ್ದು ಬರೆದ ಕ್ರಮದಲ್ಲೇ. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗದೆ ಹೊಟ್ಟಿನ ಹಾಗೆ ತೇಲುತ್ತದೆ. ಎಲ್ಲ ಕರಗಿದ ಮೇಲೆ ನೀರು ಸೇರಿಸಿ ಒಂದು ಲೀಟರ್ ಮಾಡಿ, ಒಂದು ರಾತ್ರಿ ಬಿಡಿ. ಕೈಗವಸು ಹಾಕಿಕೊಳ್ಳಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಬೆರಳು ತುರಿಸಿ ಒಡೆಯುತ್ತದೆ.

ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಲೀಟರಿಗೆ 15 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಇಲ್ಲವೇ ಬಿಳಿ ವಿನೆಗರ್ ಒಂದು ಪಾಲು, ನೀರು ಮೂರು ಪಾಲು.

ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್‌ಗೆ 250 ಗ್ರಾಂ ಹೈಪೋ, 25 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಒಂದು ಲೀಟರಿಗೆ. ಹೈಪೋ ಕರಗುವಾಗ ನೀರಿನ ಬಿಸಿ ಎಳೆದುಕೊಳ್ಳುತ್ತದೆ, ಪಾತ್ರೆಯ ಹೊರಮೈ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದಂತಿರುತ್ತದೆ. ಅದಕ್ಕೇ ಬಿಸಿ ನೀರಿನಲ್ಲಿ ಶುರು ಮಾಡಬೇಕು. ಮೆಟಾಬೈಸಲ್ಫೈಟನ್ನು ಮಾತ್ರ ತಣಿದ ಮೇಲೆ ಹಾಕಿ. ಬೆಂಕಿಕಡ್ಡಿ ಗೀರಿದಾಗಿನ ಘಾಟು ಬರುತ್ತದೆ. ಕಿಟಕಿ ತೆಗೆದು ಮಾಡಿ. ಉಬ್ಬಸ ಇರುವವರು ದೂರ ಇರಿ.

ನೀರು ಯಾವುದು? ಬೋರ್‌ವೆಲ್ ನೀರಂತೂ ಬೇಡ, ಸುಣ್ಣ ಜಾಸ್ತಿ. ಚಿತ್ರದುರ್ಗದ ಕಡೆಯ ಬೋರ್ ನೀರಿಗೆ ಡೆವಲಪರ್ ಹಾಕಿದರೆ ಮಜ್ಜಿಗೆಯಂತೆ ಬೆಳ್ಳಗಾಗುವುದನ್ನು ನೋಡಿದ್ದೇನೆ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ತೊಳೆಯಲು ತುಂಗಭದ್ರೆಯ ನಲ್ಲಿ ನೀರು ಸಾಕು, ಹಿಂದಿನ ದಿನವೇ ಹಿಡಿದಿಡಿ.

ಅಡುಗೆಮನೆಯ ಲೋಟ, ಚಮಚ ಒಮ್ಮೆ ಇಲ್ಲಿಗೆ ಬಂದರೆ ವಾಪಸ್ ಹೋಗಬಾರದು. ನಮ್ಮನೆಯಲ್ಲಿ ಒಂದು ಸ್ಟೀಲ್ ಚಮಚದ ವಿಷಯಕ್ಕೆ ದೊಡ್ಡ ಗಲಾಟೆಯಾಗಿದೆ. ಮುಂದಕ್ಕೆ ಹೇಳುವುದಿಲ್ಲ.

ಮಡಕೆ ನೀರು

ದೊಡ್ಡಪ್ಪ ಬರೆದದ್ದು ಸರಿ. ಹೊಸ ಮಣ್ಣಿನ ಮಡಕೆಯಲ್ಲಿ ರಾತ್ರಿ ನೀರು ತುಂಬಿ, ಗಾಳಿ ಆಡುವ ಕಡೆ, ಒದ್ದೆ ಗೋಣಿಚೀಲ ಸುತ್ತಿ ಇಡಿ. ನಮ್ಮ ಬಯಲುಸೀಮೆಯ ಗಾಳಿ ಒಣ ಇರುವುದರಿಂದ ಬೇಸಿಗೆಯಲ್ಲೂ ಮಡಕೆ ಚೆನ್ನಾಗಿ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಗಾಳಿ ಒದ್ದೆ, ಆಗ ಮಡಕೆಯ ಆಟ ಅಷ್ಟಾಗಿ ನಡೆಯುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮ ಮಡಕೆ 20ರ ಹತ್ತಿರ ಬರುತ್ತದೆ. ಏಪ್ರಿಲ್‌ನಲ್ಲಿ 24-25ಕ್ಕಿಂತ ಕೆಳಗೆ ಇಳಿದಿಲ್ಲ.

24 ಆದರೂ ಪರವಾಗಿಲ್ಲ. ಹೊತ್ತು ಕಮ್ಮಿ ಮಾಡಿದರೆ ಆಯಿತು. ಇಲ್ಫರ್ಡ್ ಎಫ್‌ಪಿ4 ಪ್ಲಸ್ ಫಿಲ್ಮಿಗೆ ಡಿ-76 ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಎಂಟೂವರೆ ನಿಮಿಷ, 24ರಲ್ಲಿ ಸುಮಾರು ಆರು ನಿಮಿಷ. ಐದು ನಿಮಿಷಕ್ಕಿಂತ ಕಮ್ಮಿಯಾಗುವಷ್ಟು ಬಿಸಿಯಲ್ಲಿ ಮಾಡಬೇಡಿ, ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. 20 ಬೇಕೇ ಬೇಕು ಅಂತ ಹಟ ಮಾಡುವುದಕ್ಕಿಂತ, ಡೆವಲಪರ್, ಸ್ಟಾಪ್, ಫಿಕ್ಸರ್, ತೊಳೆಯುವ ನೀರು ನಾಲ್ಕೂ ಒಂದೇ ಬಿಸಿಯಲ್ಲಿರುವುದು ಮುಖ್ಯ. ಎಲ್ಲ ಬಾಟಲಿಗಳನ್ನೂ ತೊಳೆಯುವ ನೀರಿನ ಕ್ಯಾನನ್ನೂ ಒಂದೇ ಅಗಲವಾದ ಟಬ್‌ನಲ್ಲಿ ಮಡಕೆ ನೀರು ಹಾಕಿ ಒಂದು ಗಂಟೆ ನಿಲ್ಲಿಸಿದರೆ ತಾವಾಗೇ ಸಮ ಆಗುತ್ತವೆ.

ರೋಲು ತೊಳೆಯುವುದು

ಆಗೆಲ್ಲ "ರೋಲು ತೊಳೆಸೋಕೆ ಕೊಟ್ಟಿದ್ದೀನಿ" ಅನ್ನುತ್ತಿದ್ದರು. ಡೆವಲಪ್ ಅನ್ನುವುದಕ್ಕಿಂತ ಆ ಮಾತೇ ಚೆಂದ.

ನನ್ನ ಕ್ಯಾಮೆರಾ ವಡೋದರದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ತ್ರೀ. ಅದಕ್ಕೆ 120 ಫಿಲ್ಮು, ಹನ್ನೆರಡು ಚೌಕ ಫೋಟೊ. ನಿಮ್ಮ ಕ್ಯಾಮೆರಾ 620 ಫಿಲ್ಮಿನದ್ದಾದರೆ ಗಾಬರಿ ಬೇಡ. ಎರಡರ ಫಿಲ್ಮೂ ಒಂದೇ, 620ರ ಸ್ಪೂಲ್ ಮಾತ್ರ ತೆಳು. ಕತ್ತಲಲ್ಲಿ 120ನ್ನು ಹಳೇ 620 ಸ್ಪೂಲಿಗೆ ಸುತ್ತಿಕೊಳ್ಳಬಹುದು.

ಮೊದಲು ಒಂದು ಹಾಳಾದ ರೋಲನ್ನು ಹಗಲಲ್ಲಿ, ಆಮೇಲೆ ಕಣ್ಣು ಮುಚ್ಚಿ, ರೀಲಿಗೆ ತುಂಬಿ ಅಭ್ಯಾಸ ಮಾಡಿ. ಹತ್ತು ಸಲ. ಇದನ್ನು ಬಿಟ್ಟು ಮುಂದೆ ಹೋದವರು ಕತ್ತಲಲ್ಲಿ ಬೆವರುತ್ತಾರೆ, ಬೆವರು ಕೈ ಫಿಲ್ಮಿಗೆ ತಾಗುತ್ತದೆ.

ಕತ್ತಲಲ್ಲಿ ಆಗುವುದು ಇಷ್ಟು. ಸ್ಪೂಲಿನ ಅಂಟುಪಟ್ಟಿ ಹರಿದು ಕಾಗದವನ್ನು ಬಿಚ್ಚುತ್ತ ಹೋಗಿ. ಒರಟು ಕಾಗದದ ಒಳಗೆ ನುಣುಪಾದ ಇನ್ನೊಂದು ಪದರ ಬೆರಳಿಗೆ ತಾಗುತ್ತದೆ, ತನ್ನಷ್ಟಕ್ಕೆ ಸುರುಳಿಯಾಗುತ್ತಿರುತ್ತದೆ. ಅದೇ ಫಿಲ್ಮು. ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕೊನೆಯಲ್ಲಿ ಅದು ಕಾಗದಕ್ಕೆ ಟೇಪಿನಿಂದ ಅಂಟಿರುತ್ತದೆ, ನಿಧಾನಕ್ಕೆ ಬಿಡಿಸಿ. ಜೋರಾಗಿ ಎಳೆದರೆ ಟೇಪಿನಿಂದ ಸಣ್ಣ ಕಿಡಿ ಹಾರುವುದೂ ಉಂಟು. ತುದಿಯನ್ನು ರೀಲಿನ ಬಾಯಿಗೆ ಕೊಟ್ಟು ಒಳಗೆ ಸರಿಸಿ. ರೀಲಿನಲ್ಲಿ ಒಂದು ಹನಿ ತೇವ ಇದ್ದರೂ ಫಿಲ್ಮು ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ನೂಕಬೇಡಿ. ಇಡೀ ಫಿಲ್ಮನ್ನು ಟ್ಯಾಂಕಿಗೆ ಹಾಗೇ ಇಳಿಸಿ, ಮುಚ್ಚಳ ಹಾಕಿ, ಹೊರಗೆ ಬಂದು ನೀರು ಕುಡಿದು, ಮತ್ತೆ ಹೋಗಿ. ಮುಚ್ಚಳ ಬಿದ್ದ ಮೇಲೆ ದೀಪ ಹಾಕಬಹುದು. ಮುಂದಿನದೆಲ್ಲ ಬೆಳಕಿನಲ್ಲೇ.

1. ಡೆವಲಪರನ್ನು ಒಂದೇ ಸಲಕ್ಕೆ ಸುರಿಯಿರಿ. 120 ರೋಲಿಗೆ ಸಾಮಾನ್ಯವಾಗಿ 500 ಮಿಲಿ ಬೇಕು. ರೀಲು ಮುಳುಗುವಷ್ಟು ಎಷ್ಟು ಅಂತ ಮೊದಲೇ ನೀರು ಹಾಕಿ ನೋಡಿಟ್ಟುಕೊಳ್ಳಿ. ಟ್ಯಾಂಕನ್ನು ಒಮ್ಮೆ ನೆಲಕ್ಕೆ ಕುಟ್ಟಿದರೆ ಗುಳ್ಳೆ ಬಿಡುತ್ತವೆ.

2. ಕಡ್ಡಿಯ ಟ್ಯಾಂಕಾದರೆ ಮೊದಲ ಅರ್ಧ ನಿಮಿಷ ನಿಧಾನಕ್ಕೆ ತಿರುಗಿಸಿ, ಆಮೇಲೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡ್. ತಲೆಕೆಳಗು ಮಾಡುವ ಟ್ಯಾಂಕಾದರೆ ನಿಮಿಷಕ್ಕೆ ನಾಲ್ಕು ಸಲ.

3. ಹೊತ್ತಾದ ಕೂಡಲೇ ಡೆವಲಪರ್ ಬಸಿದು ಸ್ಟಾಪ್ ಬಾತ್ ಹಾಕಿ, ಅರ್ಧ ನಿಮಿಷ ಆಡಿಸಿ.

4. ಫಿಕ್ಸರ್. ಎಷ್ಟು ಹೊತ್ತು ಅಂತ ಕೈಪಿಡಿ ನೋಡಬೇಡಿ, ಫಿಲ್ಮನ್ನೇ ಕೇಳಿ. ಹಾಳಾದ ಫಿಲ್ಮಿನ ತುಂಡೊಂದನ್ನು ಮೊದಲೇ ಫಿಕ್ಸರಿಗೆ ಹಾಕಿ. ಹಾಲಿನಂತಿದ್ದದ್ದು ಗಾಜಿನಂತೆ ತಿಳಿಯಾಗಲು ಎಷ್ಟು ನಿಮಿಷ ಬೇಕಾಯಿತೋ ಅದರ ಎರಡರಷ್ಟು ಹೊತ್ತು ರೋಲು ಒಳಗಿರಲಿ. ಹೈಪೋ ಬೆಳ್ಳಿಯ ಉಪ್ಪನ್ನು ಕರಗಿಸುತ್ತದೆ ಅಂತ ಜಾನ್ ಹರ್ಶೆಲ್ 1819ರಲ್ಲೇ ಕಂಡುಕೊಂಡಿದ್ದ. ಫೋಟೊಗ್ರಫಿ ಬಂದದ್ದು ಅದಾದ ಇಪ್ಪತ್ತು ವರ್ಷಕ್ಕೆ!

5. ತೊಳೆಯುವುದು. "ಹರಿಯುವ ನೀರಿನಲ್ಲಿ ಅರ್ಧ ಗಂಟೆ" ಅನ್ನುತ್ತದೆ ಕೈಪಿಡಿ. ನಲ್ಲಿಗೆ ದಿನಾ ನೀರು ಬಾರದ ಊರಿನವರು ಇದನ್ನು ಓದಿ ನಗಬೇಕಷ್ಟೇ. ಇಲ್ಫರ್ಡ್‌ನವರು ಹೇಳುವ ಬೇರೆ ದಾರಿ ಇದೆ. ಟ್ಯಾಂಕಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮೂರನೇ ಬಾರಿ ಇಪ್ಪತ್ತು ಸಲ. ನಾನು ಸಮಾಧಾನಕ್ಕೆ ಇನ್ನೊಮ್ಮೆ ತುಂಬಿ ಐದು ನಿಮಿಷ ಬಿಡುತ್ತೇನೆ. ಒಟ್ಟು ಎರಡು ಲೀಟರ್. ಕಡ್ಡಿಯ ಟ್ಯಾಂಕಾದರೆ ತಿರುಗಿಸುತ್ತ, ಇನ್ನೆರಡು ಸಲ ಜಾಸ್ತಿ ನೀರು ಬದಲಿಸಿ.

6. ಕೊನೆಯ ಜಾಲಾಟ ಕ್ಯಾನಿನ ನೀರಿನಲ್ಲಿ, ಒಂದು ಹನಿ ವೆಟಿಂಗ್ ಏಜೆಂಟ್, ಅಂದರೆ ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರವ, ಹಾಕಿ. ನಲ್ಲಿ ನೀರಾದರೆ ಒಣಗಿದ ಹನಿಯ ಜಾಗದಲ್ಲಿ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ.

ಬಚ್ಚಲಲ್ಲೇ ತಂತಿಗೆ ತೂಗುಹಾಕಿ, ಕೆಳಗಿನ ತುದಿಗೆ ಎರಡು ಬಟ್ಟೆ ಕ್ಲಿಪ್ ಹಾಕಿ. ಫ್ಯಾನ್ ಬೇಡ. ಬಾಗಿಲು ಮುಚ್ಚಿ ರಾತ್ರಿ ಪೂರ್ತಿ ಮರೆತುಬಿಡಿ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಬೆಳಗ್ಗೆ ಸ್ನಾನಕ್ಕೆ ಹೋದವರು ಕಿತ್ತುಹಾಕಿದರೆ ಯಾರನ್ನೂ ಬೈಯುವಂತಿಲ್ಲ.

ಪ್ರಿಂಟ್ ಹಾಕುವುದು

ನೆಗೆಟಿವ್ ದೊಡ್ಡದು ಮಾಡಿ ತೋರಿಸುವ ಎನ್‌ಲಾರ್ಜರ್ ಬೇಡ. 120 ನೆಗೆಟಿವ್ ಅದರಷ್ಟೇ ಗಾತ್ರದ ಪ್ರಿಂಟ್ ಕೊಡುತ್ತದೆ, ಎರಡೂಕಾಲು ಇಂಚಿನ ಚೌಕ. ಹಳೇ ಆಲ್ಬಮ್‌ಗಳಲ್ಲಿ ಮೂಲೆಗೆ ಸಿಕ್ಕಿಸಿರುತ್ತಿದ್ದ ಪುಟ್ಟ ಫೋಟೊಗಳಲ್ಲಿ ಸುಮಾರು ಇಂಥವೇ.

ಕೆಂಪು ಎಲ್‌ಇಡಿ ಜೀರೋ ಬಲ್ಬ್ ಸಾಮಾನ್ಯವಾಗಿ ಸಾಕು, ಆದರೆ ಪರೀಕ್ಷೆ ಮಾಡದೆ ನಂಬಬೇಡಿ. ಕತ್ತಲಲ್ಲಿ ಪೇಪರಿನ ತುಂಡಿಗೆ ಬಿಳಿ ಬೆಳಕನ್ನು ಕ್ಷಣಮಾತ್ರ ತೋರಿಸಿ, ನಸು ಬೂದಿ ಬಣ್ಣ ಬರುವಷ್ಟು. ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಕೆಂಪು ಬಲ್ಬಿನ ಕೆಳಗೆ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಬಿದ್ದರೆ ಬಲ್ಬ್ ಸರಿಯಿಲ್ಲ, ದೂರ ಸರಿಸಿ ಅಥವಾ ಬದಲಿಸಿ. ಮೊದಲೇ ಬಿಳಿ ಬೆಳಕು ತೋರಿಸುವುದು ಯಾಕೆ? ಸ್ವಲ್ಪ ಬೆಳಕು ಕುಡಿದ ಪೇಪರ್ ಹೆಚ್ಚು ಸೂಕ್ಷ್ಮ. ಖಾಲಿ ಪೇಪರಿನಲ್ಲಿ ಕಾಣದ ತಪ್ಪು ಫೋಟೊದ ಬಿಳಿ ಪಂಚೆಯಲ್ಲಿ ಕಾಣುತ್ತದೆ.

ಫ್ರೇಮಿನ ಗಾಜು ಒರೆಸಿ. ನೆಗೆಟಿವ್‌ನ ಮಂಕು ಮುಖ, ಪೇಪರಿನ ಹೊಳಪು ಮುಖ ಎದುರುಬದುರು ಬರಬೇಕು. ತಿರುಗಾಮುರುಗಾ ಆದರೆ ಅಂಗಡಿ ಬೋರ್ಡಿನ ಅಕ್ಷರ ಉಲ್ಟಾ ಬರುತ್ತದೆ. ಬೆಳಕಿಗೆ ಅರ್ಧ ವ್ಯಾಟಿನ ಬಿಳಿ ಜೀರೋ ಬಲ್ಬ್, ಫ್ರೇಮಿನಿಂದ ಮೂರೂವರೆ ಅಡಿ ಮೇಲೆ. ಮೊದಲು ಒಂದು ಪಟ್ಟಿ ಪೇಪರ್ ಇಟ್ಟು ಪರೀಕ್ಷೆ: ಪೂರ್ತಿಗೆ 2 ಸೆಕೆಂಡ್ ಕೊಡಿ. ಕಾಲುಭಾಗ ರಟ್ಟಿನಿಂದ ಮುಚ್ಚಿ ಇನ್ನೂ 2 ಕೊಡಿ. ಅರ್ಧ ಮುಚ್ಚಿ 4. ಮುಕ್ಕಾಲು ಮುಚ್ಚಿ 8. ಹೀಗೆ ಒಂದೇ ಪಟ್ಟಿಯಲ್ಲಿ 2, 4, 8, 16 ಸೆಕೆಂಡಿನ ನಾಲ್ಕು ಮೆಟ್ಟಿಲು ಸಿಗುತ್ತವೆ. ಯಾವುದು ಕಣ್ಣಿಗೆ ಹಿತವೋ ಅದು ನಿಮ್ಮ ಹೊತ್ತು.

ಪೇಪರ್ ಮಲ್ಟಿಗ್ರೇಡ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಖಡಕ್ಕೋ ಮೃದುವೋ ಆಗುವಂಥದ್ದು, ಆಗಿದ್ದರೆ ಬಿಳಿ ಎಲ್‌ಇಡಿಯ ನೀಲಿ ಬೆಳಕಿಗೆ ಕಪ್ಪು-ಬಿಳುಪು ತೀರಾ ಖಡಕ್ ಆಗಿ ಬರಬಹುದು. ಬಲ್ಬಿಗೆ ಹಳದಿ ಜಿಲೇಟಿನ್ ಕಾಗದ ಸುತ್ತಿದರೆ ಮೃದುವಾಗುತ್ತದೆ. ಹೊತ್ತು ಸ್ವಲ್ಪ ಜಾಸ್ತಿ ಬೇಕು.

ಮೂರು ಟ್ರೇ ಎಡದಿಂದ ಬಲಕ್ಕೆ: ಡೆವಲಪರ್, ಸ್ಟಾಪ್, ಫಿಕ್ಸರ್. ಎನಾಮಲ್ ಚಕ್ಕೆ ಎದ್ದ ಟ್ರೇ ಬೇಡ, ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ಟ್ರೇ ಆದೀತು. ಪೇಪರನ್ನು ಸರಕ್ಕನೆ ಜಾರಿಸಿ ಟ್ರೇಯ ಒಂದು ಮೂಲೆಯನ್ನು ಎತ್ತಿ ಇಳಿಸುತ್ತಿರಿ. ಹದಿನೈದು ಸೆಕೆಂಡಿಗೆ ಕಪ್ಪು ಜಾಗ ಮೂಡುತ್ತದೆ. ಕೋಟೆಯ ಫೋಟೊ ಆದರೆ ಮೊದಲು ಕಲ್ಲಿನ ಸಂದಿನ ನೆರಳು, ಆಮೇಲೆ ಬತೇರಿಯ ಅಂಚು, ಕೊನೆಗೆ ಆಕಾಶ. "ಆಯಿತು" ಅನಿಸಿದಾಗ ತೆಗೆಯಬೇಡಿ, ಕೆಂಪು ಬೆಳಕಿನಲ್ಲಿ ಎಲ್ಲವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಿಗೆ ಪೂರ್ತಿ ಒಂದು ನಿಮಿಷ, ಹಳೇ ಥರದ ಫೈಬರ್ ಪೇಪರಿಗೆ ಎರಡು ನಿಮಿಷ ಕೊಡಿ. ಸ್ಟಾಪ್ ಹತ್ತಿಪ್ಪತ್ತು ಸೆಕೆಂಡ್. ಫಿಕ್ಸರ್ ಆರ್‌ಸಿಗೆ ಮೂರು ನಿಮಿಷ, ಫೈಬರಿಗೆ ಎಂಟು-ಹತ್ತು. ಆರ್‌ಸಿ ಪೇಪರನ್ನೇ ಕೊಳ್ಳಿ ಅಂತ ನನ್ನ ಸಲಹೆ. ನಾಲ್ಕೈದು ನೀರಿಗೆ ತೊಳೆದರೆ ಮುಗಿಯಿತು. ಫೈಬರ್ ಪೇಪರ್ ಚೆಂದ ನಿಜ, ಆದರೆ ಕುಡಿದ ಹೈಪೋ ಬಿಡಲು ಗಂಟೆಗಟ್ಟಲೆ ನೀರು ಬೇಡುತ್ತದೆ.

ಪೆಟ್ಟಿಗೆಯಲ್ಲಿ ಹಳೇ ನೆಗೆಟಿವ್ ಸಿಕ್ಕರೆ ಮೊದಲು ಅವನ್ನೇ ಪ್ರಿಂಟ್ ಹಾಕಿ ನೋಡಬೇಕು ಅನಿಸುತ್ತದೆ. ಹಾಕಿ. ಆದರೆ 1950ಕ್ಕಿಂತ ಹಿಂದಿನದಾಗಿದ್ದು, ಹಳದಿಗಟ್ಟಿ ಅಂಟಂಟಾಗಿ ಘಾಟು ಹೊಡೆಯುತ್ತಿದ್ದರೆ ಅದು ನೈಟ್ರೇಟ್ ಫಿಲ್ಮು ಇರಬಹುದು, ಬೇಗ ಬೆಂಕಿ ಹಿಡಿಯುತ್ತದೆ. ಬಿಸಿ ಅಟ್ಟದಿಂದ ಇಳಿಸಿ ತಂಪಾದ ಕಡೆ ಬೇರೆ ಇಡಿ. ದೊಡ್ಡಪ್ಪನ ನೆಗೆಟಿವ್‌ಗಳು ಅಷ್ಟು ಹಳೆಯವಲ್ಲ. ಅದರಲ್ಲಿ ಒಂದರ ಪ್ರಿಂಟಿನಲ್ಲಿ ಇದೇ ಬಚ್ಚಲ ಬಾಗಿಲು ಕಾಣುತ್ತದೆ. ಅಜ್ಜಿ ಕೈಯಲ್ಲಿ ತಂಬಿಗೆ ಹಿಡಿದು ಸಿಟ್ಟಿನಲ್ಲಿ ನಿಂತಿದ್ದಾರೆ. ಒಳಗೆ ಯಾವುದೋ ರೋಲು ಒಣಗುತ್ತಿದ್ದಿರಬೇಕು.

ಉಳಿದ ಫಿಕ್ಸರ್

ಡೆವಲಪರ್, ಸ್ಟಾಪ್ ಎರಡನ್ನೂ ಬೆರೆಸಿ ಜಾಸ್ತಿ ನೀರಿನ ಜೊತೆ ಒಳಚರಂಡಿಗೆ ಬಿಡಬಹುದು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಗಿಡದ ಬುಡಕ್ಕೆ, ಇಂಗುಗುಂಡಿಗೆ, ಕೆರೆ ಕಡೆ ಹರಿಯುವ ಚರಂಡಿಗೆ ಹಾಕಬಾರದು. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಬ್ಬಿಣದ ನಾರಿನ ಉಂಡೆ ಹಾಕಿ ಫಿಕ್ಸರ್ ಸುರಿದು ಕೆಲವು ದಿನ ಬಿಟ್ಟರೆ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತದೆ. ಪಾತ್ರೆ ಉಜ್ಜುವ ಹೊಳೆಯುವ ಸ್ಟೀಲ್ ಸ್ಕ್ರಬರ್ ಇದಕ್ಕೆ ಆಗುವುದಿಲ್ಲ, ತುಕ್ಕು ಹಿಡಿಯುವ ಕಬ್ಬಿಣವೇ ಬೇಕು.

ಫಿಕ್ಸರ್ ಬಾಟಲಿಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ "ಕುಡಿಯಬಾರದು" ಅಂತ ಬರೆದು, ಕಲಸಿದ ದಿನ, ಮೊದಲ ಸಲ ಫಿಲ್ಮಿನ ತುಂಡು ತಿಳಿಯಾಗಲು ಹಿಡಿದ ನಿಮಿಷ, ತೊಳೆದ ರೋಲಿನ ಲೆಕ್ಕ ಹಾಕುತ್ತ ಹೋಗಿ. ಆ ನಿಮಿಷ ಎರಡರಷ್ಟಾದ ದಿನ ಬಾಟಲಿಯನ್ನು ಕಬ್ಬಿಣದ ನಾರಿನ ಬಕೆಟ್‌ಗೆ ಸುರಿದು ಹೊಸದು ಕಲಸಿ.